ನೀರಿಳಿದ ಬಂಡೆ

ಕುಮಟಾದ ಕಡಲಂಚಿನ ಬಂಡೆಗಳನ್ನು ಕಣ್ತುಂಬ ನೋಡಲು ನಾನು ಅಮಾವಾಸ್ಯೆಗೆ ಕಾಯುತ್ತೇನೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಸಂಜೆ ಐದರ ಸುಮಾರಿಗೆ ನೀರು ಸರಿಯುತ್ತ ಸರಿಯುತ್ತ, ಉಳಿದ ದಿನ ಕಣ್ಣಿಗೆ ಬೀಳದ ಬಂಡೆಯ ಬುಡವನ್ನೂ ತೆರೆದಿಡುತ್ತದೆ. ತಲೆಯಿಂದ ಬುಡಕ್ಕೆ ಒಂದಾಳೆತ್ತರ. ಅಷ್ಟರಲ್ಲೇ ಎಷ್ಟೊಂದು ಊರುಗಳು!

ಮೇಲಿನಿಂದಲೇ ನಿಧಾನವಾಗಿ ಇಳಿಯಬೇಕು. ಮೊದಲು ಸಿಗುವುದನ್ನು ಬರಿಗಲ್ಲೆಂದು ದಾಟಿಬಿಡಬಾರದು. ಬಿರುಕಿನ ಹತ್ತಿರ ಮುಖ ತಂದರೆ ಕಾಳುಮೆಣಸಿನಷ್ಟು ಪುಟ್ಟ ಬಸವನಹುಳುಗಳು ಒತ್ತಾಗಿ ಕೂತಿರುತ್ತವೆ. ಅಲೆಯ ಎರಚಲೇ ಇವುಗಳ ಪಾಲಿನ ಕಡಲು. ಬಿಸಿಲೇರಿದಾಗ ಚಿಪ್ಪಿನ ಬಾಗಿಲು ಮುಚ್ಚಿ, ಒಣಗಿದ ಲೋಳೆಯ ಎಳೆಯಿಂದ ಚಿಪ್ಪಿನಂಚನ್ನು ಕಲ್ಲಿಗೆ ಅಂಟಿಸಿ, ಕಾದ ಬಂಡೆಗೆ ಮೈ ತಾಗದಂತೆ ತೂಗಿಕೊಂಡಿರುತ್ತವೆ.

ಎರಡು ಗೇಣು ಕೆಳಗೆ, ಸುಣ್ಣ ಚಿಮುಕಿಸಿದಂತೆ ಬಂಡೆ ಬೆಳ್ಳಗಾಗುತ್ತದೆ. ಅವು ಬಾರ್ನಕಲ್‌ಗಳು. ಬರಿಗಾಲಲ್ಲಿ ನಡೆದವರಿಗೆ ಅವುಗಳ ಹರಿತ ಗೊತ್ತು. ಚಿಪ್ಪಿನೊಳಗೆ ಕೂತರೂ ಇವು ಏಡಿ, ಸೀಗಡಿಗಳ ನೆಂಟರು. ಮರಿಯಾಗಿದ್ದಾಗ ನೀರಲ್ಲಿ ಅಲೆದಾಡಿ, ಒಂದು ಜಾಗ ಆರಿಸಿ, ತಲೆಯನ್ನು ಕಲ್ಲಿಗೆ ಅಂಟಿಸಿಕೊಂಡರೆ ಆಯಿತು, ಮತ್ತೆ ಅಲ್ಲಿಂದ ಏಳುವುದಿಲ್ಲ. ನೀರು ನಿಂತ ಹೊಂಡವೊಂದರ ಪಕ್ಕ ನನ್ನ ನೆರಳು ಬೀಳದಂತೆ ಕುಕ್ಕರಗಾಲಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಒಂದರ ತುದಿಯ ಪುಟ್ಟ ಕದ ಬಿರಿಯಿತು. ಗರಿಯಂಥ ಕಾಲುಗಳು ಹೊರಬಂದು, ನೀರನ್ನು ಬಾಚಿ, ಒಳಸರಿದವು. ಪಕ್ಕದ್ದು ತೆರೆಯಿತು, ಅದರ ಪಕ್ಕದ್ದು ತೆರೆಯಿತು. ಒಂದೊಂದಕ್ಕೂ ಆರು ಜೊತೆ ಕಾಲು, ಕಣ್ರೆಪ್ಪೆಗಿಂತ ನವಿರು. ಚಾರ್ಲ್ಸ್ ಡಾರ್ವಿನ್ 1846ರಿಂದ ಎಂಟು ವರ್ಷ ಇವುಗಳನ್ನೇ ಅಭ್ಯಾಸ ಮಾಡಿದ. ಆ ಹೊಂಡದ ಪಕ್ಕ ಕೂತಾಗ ಎಂಟು ವರ್ಷ ಹೆಚ್ಚೆನಿಸಲಿಲ್ಲ.

ಇನ್ನೂ ಕೆಳಗೆ ಕಲ್ಲಿಗೆ ಕಲ್ಲೇ ಆಗಿ ಕಚ್ಚಿಕೊಂಡ ಕಲ್ಗ ಎಂಬ ಚಿಪ್ಪುಜೀವಿ. ಅದರ ಕೆಳಗೆ, ನಾರಿನಂಥ ಎಳೆಗಳಿಂದ ಬಂಡೆಯನ್ನು ಬಿಗಿದುಕೊಂಡ ನೀಲಿಕಲ್ಲು, ಅದೂ ಚಿಪ್ಪುಜೀವಿಯೇ. ಬುಡದಲ್ಲಿ ಕಂದುಬಣ್ಣದ ಕಡಲಕಳೆ, ಅದರ ಸಂದಿಯಲ್ಲಿ ಹೂವಿನಂತೆ ಅರಳುವ ಅನಿಮೋನಿ. ನೀಲಿಕಲ್ಲು ಕೀಳುತ್ತಿದ್ದ ಹೆಂಗಸೊಬ್ಬರನ್ನು ಕೇಳಿದೆ: “ಮೇಲಿನ ಕಲ್ಲಲ್ಲಿ ಯಾಕೆ ಸಿಗೂದಿಲ್ಲ ಅಕ್ಕ?”

ಕೈಗತ್ತಿ ನಿಲ್ಲಿಸದೆ ಹೇಳಿದರು: “ಅಲ್ಲಿ ಬಿಸಿಲು ಬದುಕಗೊಡೂದಿಲ್ಲ ತಮಾ. ಇಲ್ಲಾದ್ರೆ ನೀರು ಬೇಗ ವಾಪಸ್ ಬರ್ತದೆ.”

ಬಂಡೆಯ ಮೇಲೆ ಎತ್ತರವೆಂದರೆ ಹೊತ್ತು. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅದರಲ್ಲಿ ಎಷ್ಟು ಹೊತ್ತು ನೀರಿಲ್ಲದೆ ತಾಳಬಲ್ಲೆ ಎಂಬುದರ ಮೇಲೆ ಪ್ರತಿ ಜೀವಿಯ ವಿಳಾಸ ನಿಂತಿದೆ. ಆದರೆ ಹೆಚ್ಚು ತಾಳಬಲ್ಲದ್ದು ಹಾಯಾಗಿ ಕೆಳಗೇ ಬಂದು ಇರಬಹುದಲ್ಲ? ಸ್ಕಾಟ್ಲೆಂಡಿನ ಕಂಬ್ರೇ ದ್ವೀಪದ ಬಂಡೆಗಳ ಮೇಲೆ ಜೋಸೆಫ್ ಕಾನೆಲ್ ಇದನ್ನೇ ಹುಡುಕಿ 1961ರಲ್ಲಿ ಬರೆದರು. ಮೇಲಿನ ಸಣ್ಣ ಬಾರ್ನಕಲ್ ಕೆಳಗೂ ಬದುಕಬಲ್ಲದು. ಆದರೆ ಅಲ್ಲಿ ಬೇಗ ಬೆಳೆಯುವ ಇನ್ನೊಂದು ಜಾತಿ ಅದನ್ನು ಮುಚ್ಚಿ, ಒತ್ತಿ, ಕಲ್ಲಿನಿಂದ ಎಬ್ಬಿಸಿಬಿಡುತ್ತದೆ. ಮೇಲಿನ ಗಡಿಯನ್ನು ಬಿಸಿಲು ಹಾಕಿದರೆ ಕೆಳಗಿನ ಗಡಿಯನ್ನು ನೆರೆಯವರು ಹಾಕುತ್ತಾರೆ.

ತಿನ್ನುವವರೂ ಹಾಕುತ್ತಾರೆ. ಅಮೆರಿಕದ ವಾಷಿಂಗ್ಟನ್ ಕರಾವಳಿಯಲ್ಲಿ ರಾಬರ್ಟ್ ಪೈನ್ 1963ರಿಂದ ಒಂದು ಬಂಡೆಯ ಮೇಲಿನ ನಕ್ಷತ್ರಮೀನುಗಳನ್ನು ಕಿತ್ತು ಕಡಲಿಗೆ ಎಸೆಯುತ್ತ ಬಂದರು. ನಕ್ಷತ್ರಮೀನಿನ ಕಾಟ ತಪ್ಪಿದ್ದೇ ನೀಲಿಕಲ್ಲಿನ ಬಳಗದ ಚಿಪ್ಪುಗಳು ಕೆಳಕೆಳಗೆ ಹಬ್ಬಿ ಜಾಗವನ್ನೆಲ್ಲ ಹಿಡಿದವು. ಹದಿನೈದು ಬಗೆಯ ಜೀವಿಗಳಿದ್ದಲ್ಲಿ ಎಂಟು ಉಳಿದವು. ತಿನ್ನುವ ಬಾಯಿಯೇ ಉಳಿದವರಿಗೆ ಜಾಗ ಬಿಡಿಸಿಕೊಡುತ್ತಿತ್ತು.

ನೀರು ತಿರುಗುವ ಹೊತ್ತಾಯಿತು. ಬುಡದ ಹತ್ತಿರ ಯಾರೋ ಏಡಿ ಹುಡುಕುತ್ತ ಮಗುಚಿಹೋದ ಕಲ್ಲೊಂದು ಕಂಡಿತು. ಅದರ ಅಡಿಮೈ ಆಕಾಶ ನೋಡುತ್ತಿತ್ತು: ಅಂಗೈಯಗಲದ ಕಿತ್ತಳೆ ಬಣ್ಣದ ಸ್ಪಂಜು, ಅಂಚಿನಲ್ಲಿ ಆಗಲೇ ಒಣಗುತ್ತಿತ್ತು. ಮೇಲ್ಮೈಯಲ್ಲಿದ್ದ ಪಾಚಿ ಮರಳಿನಡಿ ಕತ್ತಲಲ್ಲಿತ್ತು. ಇಡೀ ಬಂಡೆಗೆ ಇರುವಂತೆ ಒಂದು ಕಲ್ಲಿಗೂ ಮೇಲಿನ ಊರು, ಕೆಳಗಿನ ಊರು ಬೇರೆಬೇರೆ. ಎರಡೂ ಕೈ ಕೊಟ್ಟು ಕಲ್ಲನ್ನು ಮೊದಲಿದ್ದ ಗುಳಿಗೇ ನಿಧಾನವಾಗಿ ಮಗುಚಿದೆ. ಅದು ಕೂತ ಸದ್ದಿನ ಹಿಂದೆಯೇ ತೆಳ್ಳಗಿನ ಅಲೆಯೊಂದು ಬಂದು ಅದರ ಸುತ್ತ ತುಂಬಿಕೊಂಡಿತು.