ನಾಮಿನಿ ಕಾಲಂನಲ್ಲಿ ಬರೆದ ಹೆಸರು

ಕಳೆದ ವರ್ಷ ಮೇ ತಿಂಗಳಲ್ಲಿ ನಮ್ಮ ಅಕ್ಕನಿಗೆ 55,000 ರೂಪಾಯಿ ಬಂತು. ಹನ್ನೊಂದು ತಿಂಗಳ ಜೀವನಾಂಶದ ಬಾಕಿ. "ಅಂತೂ ಕೋರ್ಟು ಕೊಡಿಸ್ತು ನೋಡ್ರಿ" ಅಂದರು ಓಣಿಯವರು. ನಮ್ಮ ಮನೆಯೊಳಗೆ ಮಾತ್ರ ಅವತ್ತು ಯಾರೂ ಸರಿಯಾಗಿ ಉಣ್ಣಲಿಲ್ಲ. ಬಂದ ರೊಕ್ಕ ಭಾವನ ದುಡಿಮೆಯದಾಗಿರಲಿಲ್ಲ. ಅದು ಮಗುವಿನದೇ ಆಗಿತ್ತು.

ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಈ ತಪ್ಪಿನಲ್ಲಿ ನಮ್ಮ ಕೈಬರಹವೂ ಇದೆ.

ಅಕ್ಕನ ಮಗಳು ಹುಟ್ಟಿದ್ದು 2015ರ ಆಗಸ್ಟ್‌ನಲ್ಲಿ. ಮರುವರ್ಷ ಫೆಬ್ರುವರಿಯಲ್ಲಿ ಜವಳ ತೆಗೆಸಿದೆವು. ಅದೇ ವಾರ ಅಪ್ಪ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹಾಕಿ ಬಂದಿದ್ದರು. ದಲಾಲಿ ಅಂಗಡಿಯವರು ಕೊಟ್ಟ ರೊಕ್ಕದಲ್ಲಿ 40,000 ಎಣಿಸಿ, ಅರಿಶಿನ ಕುಂಕುಮ ಹಚ್ಚಿ ಭಾವನ ಕೈಗಿಟ್ಟರು. "ಇದು ಕೂಸಿಂದು. ಮುಂದ ಓದಾಕ ಬೇಕಾಗ್ತೈತಿ, ಬ್ಯಾಂಕಿನ್ಯಾಗ ಹಾಕ್ರಿ" ಅಂದರು.

ಬ್ಯಾಂಕಿಗೆ ಜೊತೆಗೆ ಹೋದದ್ದು ನಾವು. ಮನೆಯಲ್ಲಿ ಓದಿದವರು ಅಂದರೆ ನಾವೇ. ಪತ್ರಿಕೋದ್ಯಮ ಡಿಪ್ಲೊಮಾ ಆಗಿತ್ತು, ಜಿಲ್ಲೆಯ ಸುದ್ದಿ ಬರೆಯುತ್ತಿದ್ದೆವು. ಕೂಸಿಗೆ ಇನ್ನೂ ಆಧಾರ್ ಆಗಿಲ್ಲ, ಸದ್ಯಕ್ಕೆ ನನ್ನ ಹೆಸರಲ್ಲೇ ಇರಲಿ ಎಂದರು ಭಾವ. ಆಗಲಿ ಎಂದು ಎಫ್‌ಡಿ ಫಾರ್ಮ್ ತುಂಬಿದೆವು. ಖಾತೆದಾರರ ಕಡೆ ಭಾವನ ಹೆಸರು, ನಾಮಿನಿ ಕಡೆ ಮಗುವಿನ ಹೆಸರು. ಮನೆಗೆ ಬಂದು ಅಪ್ಪನಿಗೆ, "ಕೂಸಿನ ಹೆಸರೂ ಹಚ್ಚೀವಿ" ಎಂದು ಹೇಳಿದ್ದು ಚೆನ್ನಾಗಿ ನೆನಪಿದೆ.

ನಾಮಿನಿ ಅಂದರೆ ಒಡೆಯ ಅಲ್ಲ. ಖಾತೆದಾರ ತೀರಿಕೊಂಡರೆ ಬ್ಯಾಂಕು ಯಾರ ಕೈಗೆ ರೊಕ್ಕ ಕೊಡಬೇಕು ಎಂಬುದಕ್ಕೆ ಬರೆಸಿಕೊಳ್ಳುವ ಹೆಸರು ಅದು, ಅಷ್ಟೇ. ಖಾತೆದಾರ ಬದುಕಿರುವಷ್ಟು ದಿನ ಆ ರೊಕ್ಕ ಅವನದು. ಅವನ ಸಾಲಕ್ಕೆ, ಅವನ ಬಾಕಿಗೆ ಅದು ಸಿಗುತ್ತದೆ. ಇದು ನಮಗೆ ಅರ್ಥವಾಗುವುದಕ್ಕೆ ಎಂಟು ವರ್ಷ ಬೇಕಾಯಿತು.

2020ರಲ್ಲಿ ಅಕ್ಕ ಮಗಳನ್ನು ಕರೆದುಕೊಂಡು ತವರಿಗೆ ಬಂದಳು. ಕಾರಣ ಇಲ್ಲಿ ಬೇಡ. 2022ರಲ್ಲಿ ಕಲಂ 125ರ ಕೆಳಗೆ ಆದೇಶವಾಯಿತು, ಅಕ್ಕನಿಗೆ ತಿಂಗಳಿಗೆ 3,000, ಮಗಳಿಗೆ 2,000. (2024ರ ಜುಲೈ 1ರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ ಕಲಂ 144.) ಕೆಲವು ತಿಂಗಳು ಕೊಟ್ಟರು, ಆಮೇಲೆ ನಿಲ್ಲಿಸಿದರು. ಭಾವ ಲಾರಿ ಆಫೀಸೊಂದರಲ್ಲಿ ಲೆಕ್ಕ ಬರೆಯುತ್ತಾರೆ, ಸಂಬಳ ಕೈಗೇ ಬರುತ್ತದೆ. ಬ್ಯಾಂಕಿಗೆ ಬರುವ ಸಂಬಳವಾಗಿದ್ದರೆ ದಾರಿ ಬೇರೆ ಇತ್ತು. ಜೀವನಾಂಶದ ಡಿಕ್ರಿಗೆ ಸಂಬಳದಲ್ಲಿ ಮೂರನೇ ಒಂದು ಭಾಗವನ್ನಷ್ಟೇ ಕಾನೂನು ಬಾಕಿದಾರನಿಗೆ ಬಿಡುತ್ತದೆ, ಉಳಿದದ್ದನ್ನು ಜಪ್ತಿ ಮಾಡಬಹುದು.

ಬಾಕಿಯಾದ ತಿಂಗಳಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕದಿದ್ದರೆ ಆ ತಿಂಗಳಿನ ಬಾಕಿಗೆ ವಾರಂಟ್ ಸಿಗುವುದಿಲ್ಲ. ವಕೀಲರು ಇದನ್ನು ಎರಡು ಸಲ ಹೇಳಿದರು. ಹನ್ನೊಂದನೇ ತಿಂಗಳಿಗೆ ಹಾಕಿದೆವು. 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಕೊಡಬೇಕು. ಭಾವನ ಪ್ರಮಾಣಪತ್ರದಲ್ಲಿ ಒಂದು ಎಫ್‌ಡಿ ಇತ್ತು. ವಕೀಲರು ಅದನ್ನೇ ಹಿಡಿದರು. ಅರ್ಜಿಯಲ್ಲಿ ಬ್ಯಾಂಕಿನ ಹೆಸರು, ಖಾತೆ ನಂಬರ್ ಬರೆದುಕೊಟ್ಟವರೂ ನಾವೇ. ಇದು ಹಳೇ ಎಫ್‌ಡಿ ಎಂದು ಹೊಳೆಯಲೇ ಇಲ್ಲ. ಅದನ್ನು ಎಂದೋ ಮುರಿಸಿಕೊಂಡಿರಬೇಕು ಎಂದುಕೊಂಡಿದ್ದೆವು.

ಬ್ಯಾಂಕಿನಿಂದ ಉತ್ತರ ಬಂದಾಗ ಅಕ್ಕ ಕಾಗದ ನೋಡಿ ಸುಮ್ಮನೆ ಕೂತಳು. ಮೊದಲ ಠೇವಣಿ ಫೆಬ್ರುವರಿ 2016, 40,000. ತಾನಾಗಿಯೇ ನವೀಕರಣವಾಗುತ್ತಾ ಬಂದು 63,000 ದಾಟಿತ್ತು.

"ತಮ್ಮಾ, ಇದು ಜವಳದ ರೊಕ್ಕ ಅಲ್ಲೇನೋ?"

ನಾವು ಏನೂ ಹೇಳಲಿಲ್ಲ.

ಲೆಕ್ಕ ನೋಡಿ. ಅಜ್ಜ ಮೊಮ್ಮಗಳಿಗೆ ಕೊಟ್ಟ ರೊಕ್ಕದಿಂದ ಅಪ್ಪ ಮಗಳಿಗೆ ಕೊಡಬೇಕಾದ ಬಾಕಿ ತೀರುತ್ತದೆ. ಭಾವನ ಜೇಬಿನಿಂದ ಒಂದು ರೂಪಾಯಿ ಹೋಗುವುದಿಲ್ಲ, ಕೋರ್ಟಿನ ದಾಖಲೆಯಲ್ಲಿ ಮಾತ್ರ ಬಾಕಿ ಚುಕ್ತಾ. ಮೇಲಿನ ಎಂಟು ಸಾವಿರ ಅವರಿಗೇ ಉಳಿಯುತ್ತದೆ.

ವಕೀಲರ ಹತ್ತಿರ ಓಡಿದೆವು. ದಾರಿ ಇಲ್ಲದೆ ಇಲ್ಲ ಎಂದರು. ಜಪ್ತಿಯಾದದ್ದು ಬಾಕಿದಾರನದಲ್ಲ, ತನ್ನದು ಎಂದು ಬೇರೆಯವರು ಹಕ್ಕು ಕೇಳಬಹುದು. ಸಿವಿಲ್ ಕೋರ್ಟಿನ ಜಪ್ತಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 58 ಇರುವುದೇ ಇದಕ್ಕೆ. ಮೈನರ್ ಮಗುವಿನ ಪರವಾಗಿ ತಾಯಿಯೇ ಹಾಕಬಹುದು. ತಡಮಾಡಬಾರದು, ಸ್ವತ್ತು ಹರಾಜಾಗಿ ಹೋದ ಮೇಲೆ ಬಂದರೆ ಕೇಳುವುದಿಲ್ಲ. "ಪುರಾವೆ ಏನೈತ್ರಿ?" ಎಂದು ಕೇಳಿದರು.

ಅಪ್ಪ ಟ್ರಂಕಿನಿಂದ ಹಳೇ ಬಿಸ್ಕತ್ತಿನ ಡಬ್ಬಿ ತೆಗೆದು 2016ರ ದಲಾಲಿ ಪಟ್ಟಿ ಹುಡುಕಿ ಕೊಟ್ಟರು. ಚೀಲ ಎಷ್ಟು, ತೂಕ ಎಷ್ಟು, ಹಮಾಲಿ ಎಷ್ಟು, ಎಲ್ಲಾ ಇತ್ತು. ವಕೀಲರು ಓದಿ ಮಡಚಿ ಇಟ್ಟರು. ಅಪ್ಪ ಮೆಣಸಿನಕಾಯಿ ಮಾರಿದ್ದಕ್ಕೆ ಇದು ಪುರಾವೆ. ಆ ರೊಕ್ಕ ಕೂಸಿಗೇ ಕೊಟ್ಟಿದ್ದು ಅನ್ನುವುದಕ್ಕೆ? ಕೈಯಲ್ಲಿ ಕೊಟ್ಟದ್ದು, ಚೀಟಿ ಇಲ್ಲ. ಠೇವಣಿ ಒಬ್ಬರದೇ ಹೆಸರಲ್ಲಿ. ಅರ್ಜಿ ಹಾಕಿದರೆ ಸಾಕ್ಷಿ, ವಾಯಿದೆ, ಅಲ್ಲಿಯವರೆಗೆ ಈ ರೊಕ್ಕವೂ ನಿಲ್ಲುತ್ತದೆ.

ಅಕ್ಕ ಮೂರು ದಿನ ಯೋಚಿಸಿದಳು. ಶಾಲೆಯ ಫೀ ಬಾಕಿ ಇತ್ತು. ಸಂಘದ ಕಂತು ಎರಡು ವಾರದ್ದು ತಪ್ಪಿತ್ತು. "ಬರೋದು ಬರ್ಲಿ ಬಿಡು, ಆಕಿ ರೊಕ್ಕ ಆಕಿಗೇ ಖರ್ಚಾಗ್ತೈತಿ" ಅಂದಳು. ಸರಿಯೋ ತಪ್ಪೋ, ತೀರ್ಮಾನ ಅವಳದು. ಫಾರ್ಮ್ ತುಂಬಿದ ನಾವು ಬುದ್ಧಿ ಹೇಳುವ ಹಾಗಿರಲಿಲ್ಲ.

ಅವತ್ತು ಖಾತೆ ಮಗುವಿನ ಹೆಸರಲ್ಲೇ ಆಗಿದ್ದು, ಭಾವ ಬರೀ ಗಾರ್ಡಿಯನ್ ಆಗಿದ್ದರೆ? ರೊಕ್ಕ ಮಗುವಿನದು, ಗಾರ್ಡಿಯನ್ ಬಾಕಿಗೆ ಅದನ್ನು ಮುಟ್ಟುವಂತಿಲ್ಲ ಎಂದು ನಿಂತು ಹೇಳಲು ಕಾಗದವೇ ಇರುತ್ತಿತ್ತು. ಆದರೆ ಗಾರ್ಡಿಯನ್ ತಾನೇ ಹೋಗಿ ಮುರಿಸುವ ಭಯ ಬೇರೆ. ಮೈನರ್ ಹೆಸರಿನ ಹೊಲ, ಮನೆ ಮಾರಬೇಕಾದರೆ ತಂದೆಯಾದರೂ ಕೋರ್ಟಿನ ಅನುಮತಿ ಬೇಕು ಎನ್ನುತ್ತದೆ 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲನೆ ಕಾಯ್ದೆ. ಬ್ಯಾಂಕಿನ ರೊಕ್ಕಕ್ಕೆ ಆ ಬೇಲಿ ಇಲ್ಲ. ಹಾಗಾಗಿ ಮಗುವನ್ನು ಸಾಕುತ್ತಿರುವವರೇ ಗಾರ್ಡಿಯನ್ ಆಗುವುದು ಮೇಲು.

ತಾಯಿ ಗಾರ್ಡಿಯನ್ ಆಗುವುದಿಲ್ಲ ಎಂದು ಯಾರಾದರೂ ಕೌಂಟರ್‌ನಲ್ಲಿ ಹೇಳಿದರೆ ನಂಬಬೇಡಿ. ಲೇಖಕಿ ಗೀತಾ ಹರಿಹರನ್ ಅವರಿಗೂ ಇದೇ ಆಗಿತ್ತು. ಮಗನ ಹೆಸರಲ್ಲಿ ರಿಸರ್ವ್ ಬ್ಯಾಂಕಿನ ರಿಲೀಫ್ ಬಾಂಡ್ ತೆಗೆಸಲು ಹೋದಾಗ ತಂದೆಯ ಸಹಿ ಬೇಕು ಎಂದಿದ್ದರು. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದರು. 1999ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಕಾಯ್ದೆಯಲ್ಲಿ 'ತಂದೆಯ ನಂತರ ತಾಯಿ' ಎಂದಿರುವುದಕ್ಕೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ತಂದೆ ಮಗುವಿನ ಹೊಣೆ ಹೊರದೆ ದೂರವಿದ್ದರೂ ತಾಯಿಯೇ ಸಹಜ ಪಾಲಕಿ ಎಂದಿತು ಕೋರ್ಟು.

ಈ ಕತೆ ಊರಲ್ಲಿ ಹರಡಿದ ಮೇಲೆ ಒಬ್ಬರು ಚಹಾದಂಗಡಿಯಲ್ಲಿ ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ಮೇಲೂ ಜೀವನಾಂಶದ ಕೇಸ್ ಇದೆ. ತಮ್ಮ ಉಳಿತಾಯವನ್ನೆಲ್ಲ ಮಗನ ಹೆಸರಿಗೆ ಹಾಕಿದರೆ ಕೋರ್ಟಿಗೆ ಸಿಗುವುದಿಲ್ಲವಲ್ಲ ಎಂದು ಕೇಳಿದರು. ಚಹಾ ಕುಡಿಸಿದ್ದರಿಂದ ಮೆಲ್ಲಗೇ ಹೇಳಿದೆವು. ಆ ರೊಕ್ಕ ಯಾರ ದುಡಿಮೆಯದು, ಕೇಸ್ ಆಗುವುದಕ್ಕೆ ಮೊದಲೋ ಆಮೇಲೋ ಎಂದು ಕೋರ್ಟು ಕೇಳುತ್ತದೆ, ಪ್ರಮಾಣಪತ್ರದಲ್ಲಿ ಸುಳ್ಳು ಬರೆದರೆ ಅದೇ ಇನ್ನೊಂದು ಕೇಸ್. ಅವರಿಗೆ ರುಚಿಸಲಿಲ್ಲ. ಮಗುವಿನ ರೊಕ್ಕ ಕಾಯುವುದು ಬೇರೆ, ಮಗುವಿನ ಹಿಂದೆ ಅಡಗುವುದು ಬೇರೆ.

ಈ ವರ್ಷ ಜೂನ್‌ನಲ್ಲಿ ಅಪ್ಪ ಮತ್ತೆ ರೊಕ್ಕ ಹಿಡಿದು ಪೋಸ್ಟ್ ಆಫೀಸಿಗೆ ಹೊರಟರು. ಸುಕನ್ಯಾ ಸಮೃದ್ಧಿ ಖಾತೆಯನ್ನು ಹುಡುಗಿಗೆ ಹತ್ತು ತುಂಬುವುದರೊಳಗೆ ತೆರೆಯಬೇಕು, ನಮಗೆ ಉಳಿದಿದ್ದು ಎರಡೇ ತಿಂಗಳು. ಅಜ್ಜ ತೆರೆಯಲು ಬರುವುದಿಲ್ಲ, ತಂದೆ ತಾಯಿ ಇಲ್ಲವೇ ಕಾನೂನು ಪ್ರಕಾರದ ಗಾರ್ಡಿಯನ್ ಬೇಕು ಎಂದರು. ಅಕ್ಕ ಸಹಿ ಮಾಡಿದಳು. ವರ್ಷಕ್ಕೆ ಕನಿಷ್ಠ 250 ಕಟ್ಟಿದರೆ ಸಾಕು. ಹತ್ತನೇ ತರಗತಿ ಪಾಸಾದ ಮೇಲೆ ಅಥವಾ ಹದಿನೆಂಟು ತುಂಬಿದ ಮೇಲೆ ಓದಿಗೆ ಅರ್ಧದವರೆಗೆ ತೆಗೆಯಬಹುದು. ಗಾರ್ಡಿಯನ್‌ಗೆ ಬೇಸರ ಬಂದಾಗ ಮುರಿಸುವ ಖಾತೆಯಲ್ಲ ಇದು.

ಫಾರ್ಮ್ ತುಂಬುವಾಗ ಅಕ್ಕ ನಮ್ಮ ಕೈಗೆ ಪೆನ್ನು ಕೊಡಲಿಲ್ಲ. ಒಂದೊಂದೇ ಕಾಲಂ ಓದಿ ತಾನೇ ಬರೆದಳು. ಅಪ್ಪ ಕೌಂಟರ್ ಚೀಟಿ ಇಸಿದುಕೊಂಡು, ಮೇಲೆ ಮೊಮ್ಮಗಳ ಹೆಸರು ಇದೆಯೇ ಎಂದು ನಮ್ಮಿಂದ ಎರಡು ಸಲ ಓದಿಸಿ, ಮನೆಗೆ ಬಂದು ದಲಾಲಿ ಪಟ್ಟಿ ಇದ್ದ ಡಬ್ಬಿಯಲ್ಲೇ ಇಟ್ಟರು.

ಭಾವನ ಕಡೆಯಿಂದ ಈಗ ಮತ್ತೆ ಏಳು ತಿಂಗಳು ಬಾಕಿ. ವಕೀಲರು ಹೊಸ ಅರ್ಜಿಗೆ ಆಸ್ತಿ ವಿವರ ಕೇಳಿದ್ದಾರೆ. ಈ ಸಲ ಕೊಡುವ ಮೊದಲು ಪ್ರತಿ ಖಾತೆಯ ಮೊದಲ ಠೇವಣಿಯ ತಾರೀಕು ನೋಡುತ್ತಿದ್ದೇವೆ.