ಕ್ವಾರ್ಟರ್ ಲೆಕ್ಕ, ಲಿವರ್ ಲೆಕ್ಕ

"ಕುಡಿದ, ಲಿವರ್ ಹೋಯ್ತು, ಸತ್ತ." ನಮ್ಮ ಭದ್ರಾವತಿ ಕಡೆ ಇಂಥ ಸಾವಿನ ಕಥೆ ಇಷ್ಟಕ್ಕೇ ಮುಗಿಯುತ್ತೆ, ಎಲ್ಲಾ ಹಣೆಬರಹ ಅನ್ನೋ ಹಾಗೆ. ಇಂಜಿನಿಯರಿಂಗ್ ಓದಿದ ಮೇಲೆ ನನಗಂಟಿದ ಚಟ ಅಂದ್ರೆ ಲೆಕ್ಕ ಹಾಕೋದು. ಸ್ವಲ್ಪ ಸಹಿಸ್ಕೊಳ್ಳಿ :)

ಒಂದು ಕ್ವಾರ್ಟರ್ ಅಂದ್ರೆ 180 ಮಿ.ಲೀ. ಶೇಕಡ 42.8ರ ಬ್ರಾಂಡಿಯಾದರೆ ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 60 ಗ್ರಾಂ. ದಿನಾ ಇಷ್ಟು ಒಳಗೆ ಹೋದರೆ ಹತ್ತಿಪ್ಪತ್ತು ವರ್ಷದಲ್ಲಿ ಸಿರೋಸಿಸ್ ಬರೋ ಅಪಾಯ ಬಹಳ ಜಾಸ್ತಿ. ಕುಡಿದದ್ದು ಯಾವುದು ಅಂತ ಲಿವರ್ ಕೇಳಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಪ್ಯಾಕೆಟ್ ಹೋಗಿ ಅಗ್ಗದ ವಿಸ್ಕಿ, ಬ್ರಾಂಡಿ ಪ್ಯಾಕೆಟ್ ಬಂತು.

ಹಾಗಾದ್ರೆ ಇಪ್ಪತ್ತು ವರ್ಷ ಕುಡಿದವನು ಈಗ ಬಿಟ್ಟು ಏನು ಪ್ರಯೋಜನ? ಇದೆ. ಎರಡನೇ ಮಹಾಯುದ್ಧದಲ್ಲಿ ಪ್ಯಾರಿಸ್‌ನಲ್ಲಿ ವೈನಿಗೆ ರೇಷನ್ ಬಂದಾಗ, ಕೆಲವೇ ವರ್ಷಗಳಲ್ಲಿ ಸಿರೋಸಿಸ್ ಸಾವು ಧಡಕ್ಕನೆ ಇಳಿಯಿತು. ಹಾಳಾದ ಲಿವರ್ ಪೂರ್ತಿ ಸರಿಹೋಗದಿದ್ರೂ ಕುಡಿತ ನಿಂತರೆ ಆಯಸ್ಸು ಹೆಚ್ಚುತ್ತೆ.

ಅಮೆರಿಕದ ಕಥೆ ಇನ್ನೂ ವಿಚಿತ್ರ. ಅಲ್ಲಿ 1970ರ ದಶಕದ ನಡುವೆ ಈ ಸಾವುಗಳು ಇಳಿಯತೊಡಗಿದವು, ಆದರೆ ತಲಾ ಕುಡಿತ ಆಗಿನ್ನೂ ಇಳಿದಿರಲಿಲ್ಲ! 1935ರಲ್ಲಿ ಇಬ್ಬರು ಕುಡುಕರು ಸೇರಿ ಶುರುಮಾಡಿದ ಆಲ್ಕೋಹಾಲಿಕ್ಸ್ ಅನಾನಿಮಸ್‌ಗೆ ಆ ವರ್ಷಗಳಲ್ಲಿ ಸದಸ್ಯರು ಹೆಚ್ಚುತ್ತಿದ್ದರು, ಚಿಕಿತ್ಸೆ ಪಡೆಯೋರೂ ಹೆಚ್ಚುತ್ತಿದ್ದರು. ಎರಡಕ್ಕೂ ನಂಟಿದೆ ಅಂತ ಕೆಲವು ಸಂಶೋಧಕರು ತೋರಿಸಿದರು. ಒಂದು ಗ್ರಾಫ್ ಏರಿ ಇನ್ನೊಂದು ಇಳಿದ ಮಾತ್ರಕ್ಕೆ ಅದೇ ಕಾರಣ ಅನ್ನೋಕಾಗಲ್ಲ, ನಿಜ. ಆದರೆ ಲಾಜಿಕ್ ನೋಡಿ: ಲಿವರ್ ಹೋಗಿ ಸಾಯೋರಲ್ಲಿ ಹೆಚ್ಚಿನವರು ಹಬ್ಬಕ್ಕೊಮ್ಮೆ ಕುಡಿಯೋರಲ್ಲ, ವಿಪರೀತ ಕುಡಿಯೋ ಸಣ್ಣ ಗುಂಪು. ಅವರಲ್ಲಿ ಒಂದಷ್ಟು ಜನ ಬಿಟ್ಟರೂ ಸಾವಿನ ಲೆಕ್ಕ ಬದಲಾಗುತ್ತೆ. 2020ರ ಕಾಕ್ರೇನ್ ವರದಿ 27 ಅಧ್ಯಯನಗಳನ್ನು ಜೋಡಿಸಿ ನೋಡಿ, ಪೂರ್ತಿ ಬಿಡಿಸೋದರಲ್ಲಿ ಈ ದಾರಿ ಬೇರೆ ಚಿಕಿತ್ಸೆಗಳಿಗಿಂತ ಮುಂದಿದೆ ಎಂದಿತು.

ನಮ್ಮಲ್ಲೂ ಇದೆಯಲ್ಲ! ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರ, ಆಮೇಲೆ ಬಿಟ್ಟವರೇ ಸೇರುವ ನವಜೀವನ ಸಮಿತಿ. ಶಿಬಿರಕ್ಕಿಂತ ಈ 'ಆಮೇಲೆ'ಯೇ ಮುಖ್ಯ ಅಂತ ನನ್ನ ಅನಿಸಿಕೆ.

ನನ್ನ ಸೋದರಮಾವನಿಗೆ ಹೊಟ್ಟೇಲಿ ನೀರು ತುಂಬಿತ್ತು. ಡಾಕ್ಟರು ಖಡಾಖಂಡಿತ ಹೇಳಿದ ಮೇಲೆ ಬಿಟ್ಟರು. ಈಗ ವಾರಕ್ಕೊಮ್ಮೆ ಭದ್ರಾವತಿಯಿಂದ ಬಸ್ ಹತ್ತಿ ಶಿವಮೊಗ್ಗದ ಮೀಟಿಂಗಿಗೆ ಹೋಗ್ತಾರೆ. "ಅಲ್ಲೇನು ಮಾಡ್ತೀರಿ ಮಾವ?" ಅಂತ ಕೇಳಿದೆ. "ಏನಿಲ್ಲ ಕಣೋ, ನನ್ನಂಥೋರ ಮಾತು ಕೇಳ್ತೀನಿ. ಅವತ್ತೊಂದಿನ ಕುಡಿಯಲ್ಲ, ಅಷ್ಟೇ."

ಒಂದು ಮಾತು: ವಿಪರೀತ ಕುಡಿಯೋರು ಒಮ್ಮೆಲೇ ನಿಲ್ಲಿಸಿದ್ರೆ ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು, ಮೊದಲು ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಮತ್ತೆ, ನಿಮ್ಮೂರಲ್ಲಿ ಇಂಥ ಗುಂಪು ಎಲ್ಲಿ, ಯಾವ ವಾರ ಸೇರುತ್ತೆ ಅಂತ ತಿಳ್ಕೊಂಡಿರಿ. ಯಾವತ್ತು ಯಾರ ಮನೆಗೆ ಬೇಕಾಗುತ್ತೋ...