ಜ್ವಾರಾಗಿ ಓದು, ತಮ್ಮಾ

ಬೆಳಗಾವಿಯ ವಡಗಾವಿ, ಶಹಾಪುರದ ನೇಕಾರರ ಮನೆಯೊಳಗೆ ವಿದ್ಯುತ್ ಮಗ್ಗ ಓಡುತ್ತಿದ್ದರೆ ಎದುರಿಗೆ ಕೂತವರ ಮಾತೂ ಕೇಳಿಸುವುದಿಲ್ಲ. 2020ರ ಮಾರ್ಚ್ ಕೊನೆಗೆ ಕೊರೊನಾ ಲಾಕ್‌ಡೌನ್‌ನಿಂದ ಆ ಮಗ್ಗಗಳು ನಿಂತವು. ನೂಲು ಬರಲಿಲ್ಲ, ಸೀರೆ ಕೊಳ್ಳುವವರಿರಲಿಲ್ಲ, ಕೂಲಿ ಹುಟ್ಟಲಿಲ್ಲ. ಅಂಥ ಹೊತ್ತಿನಲ್ಲಿ ಮಕ್ಕಳ ಶಾಲೆ ಫೋನಿನೊಳಗಿಂದ ಮನೆಗೆ ಬಂತು. ತಿಂಗಳುಗಳ ಮೇಲೆ ಮಗ್ಗ ಮತ್ತೆ ಶುರುವಾದಾಗ ತಾಯಂದಿರಿಗೆ ಹೊಸ ಪೇಚು: ಮಗ್ಗ ಓಡಿದರೆ ಊಟ, ನಿಂತರೆ ಪಾಠ. ಮಗನನ್ನೂ ಫೋನನ್ನೂ ಮಾಳಿಗೆ ಹತ್ತಿಸಿ, ಜೊತೆಗೆ ಅತ್ತೆಯನ್ನು ಕೂಡಿಸಿ, ತಾವು ಕೆಳಗಿಳಿದು ಕಂಡಿಕೆ ಸುತ್ತಿದವರನ್ನು ನಾನು ಬಲ್ಲೆ.

ಸರ್ಕಾರ ಸುಮ್ಮನಿರಲಿಲ್ಲ. ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಹೈಸ್ಕೂಲಿನವರಿಗೆ ಪಾಠ ಶುರುವಾದವು, ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಶಿಕ್ಷಕರು ಓಣಿ ಓಣಿ ತಿರುಗಿ ಫೋನು ಇದ್ದವರು, ಇಂಟರ್ನೆಟ್ ಇದ್ದವರು, ಏನೂ ಇಲ್ಲದವರು ಎಂದು ಮಕ್ಕಳ ಗುಂಪು ಮಾಡಿದರು. ಗುಡಿಯ ಕಟ್ಟೆ, ಮರದ ನೆರಳು ಎಲ್ಲಿ ಸಿಕ್ಕರೆ ಅಲ್ಲಿ ಕಲಿಸಿದರು. ಆ ಶಿಕ್ಷಕರ ಬಗ್ಗೆ ನನಗೆ ಬಹಳ ಗೌರವ. ಆದರೆ ಗುಂಪಾದದ್ದು ಸಾಧನಗಳ ಲೆಕ್ಕದ ಮೇಲೆ, ಮನೆಯಲ್ಲಿ ಜೊತೆಗೆ ಯಾರಿದ್ದಾರೆಂಬುದರ ಮೇಲಲ್ಲ. ಸೋಂಕು ಹರಡಿ ಅಕ್ಟೋಬರ್‌ನಲ್ಲಿ ವಿದ್ಯಾಗಮವನ್ನೂ ನಿಲ್ಲಿಸಬೇಕಾಯಿತು. ಆಗ ಮಗುವಿನ ಪಕ್ಕದಲ್ಲಿ ಉಳಿದವರು ಯಾರು? ಮನೆಯ ಅಜ್ಜ ಅಜ್ಜಿಯರು. ನನಗೆ ಹೇಳಬೇಕಾದದ್ದು ಅವರ ಮಾತೇ.

ವಡಗಾವಿಯ ನಮ್ಮ ಓಣಿಯ ಒಬ್ಬ ಅಜ್ಜಿ ಅಕ್ಷರ ಕಲಿತವಳಲ್ಲ. "ನಂಗೇನ್ ಓದಾಕ ಬರತೈತ್ರೀ" ಎಂದೇ ಮಾತು ಶುರು ಮಾಡುವವಳು. ದಿನಾ ಸಂಜೆ ಮೊಮ್ಮಗನನ್ನು ಮುಂದೆ ಕೂಡಿಸಿಕೊಂಡು, "ಜ್ವಾರಾಗಿ ಓದು ತಮ್ಮಾ, ನಂಗ ಕೇಳಸೂದಿಲ್ಲ" ಎನ್ನುತ್ತಿದ್ದಳು. ಹುಡುಗ ಓದುತ್ತಿದ್ದ. ಒತ್ತಕ್ಷರ ಬಂದಲ್ಲಿ ದನಿ ಇಳಿಸಿ ಗುಳುಂ ಮಾಡಿ ಮುಂದೆ ಹೋಗುತ್ತಿದ್ದ. ಅಜ್ಜಿಯ ಕೈ ಮೇಲೇಳುತ್ತಿತ್ತು: "ಅಲ್ಲಿ ನುಂಗಿದಿ ನೋಡು. ಮತ್ತೊಮ್ಮಿ." ಪುಸ್ತಕ ಅವಳಿಗೆ ತಿಳಿಯದು, ಮೊಮ್ಮಗನ ದನಿ ಎಲ್ಲಿ ಸುಳ್ಳಾಯಿತೆಂಬುದು ತಪ್ಪದೆ ತಿಳಿಯುತ್ತಿತ್ತು. ಅವನು ಹಿಂದಕ್ಕೆ ಹೋಗಿ, ಬೆರಳಿಟ್ಟು, ಬಿಡಿಸಿ ಓದಬೇಕು. ನಲಿಕಲಿ ತರಗತಿಯಲ್ಲಿ ಮೂವತ್ತು ಮಕ್ಕಳ ನಡುವೆ ಇಷ್ಟು ಕಿವಿಗೊಡಲು ಯಾವ ಶಿಕ್ಷಕಿಗೆ ಬಿಡುವಿದೆ?

ಬೆಳಗಾವಿಯಿಂದ 25 ಕಿಲೋಮೀಟರ್ ಆಚೆಯ ಖಾನಾಪುರದ ಕಥೆ ಬೇರೆ. ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಹೋದರೆ ಮಳೆಗಾಲದಲ್ಲಿ ಕರೆಂಟು ಹೋದದ್ದು ಯಾವಾಗ ಬಂದೀತೋ ಹೇಳಲಾಗದು. ಭೀಮಗಡ ಕಾಡಿನೊಳಗಿನ ಹಳ್ಳಿಗಳಲ್ಲಿ ಫೋನಿಗೆ ಸಿಗ್ನಲ್ಲೇ ಕಷ್ಟ. ಜುಲೈ, ಆಗಸ್ಟ್ ಎಂದರೆ ಭತ್ತದ ನಾಟಿ. ಅಪ್ಪ ಅವ್ವ ಇಬ್ಬರೂ ಗದ್ದೆಯಲ್ಲಿ. ಮನೆಯಲ್ಲಿ ಮಕ್ಕಳು ಮತ್ತು ಮುದುಕರು.

ಆ ಮುದುಕರಲ್ಲಿ ಎಷ್ಟೋ ಮಂದಿ ಮರಾಠಿ ಶಾಲೆಯಲ್ಲಿ ಕಲಿತವರು. 1956ರ ನವೆಂಬರ್‌ವರೆಗೆ ಈ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ಮೊಮ್ಮಕ್ಕಳಲ್ಲಿ ಕೆಲವರು ಕನ್ನಡ ಶಾಲೆಗೆ ಹೋಗುತ್ತಾರೆ. ಅಂಥ ಮನೆಯಲ್ಲಿ ಅಜ್ಜನಿಗೆ ಮೊಮ್ಮಗಳ ಪುಸ್ತಕ ಓದಲು ಬಾರದು. ನಾನು ಕಂಡ ಒಬ್ಬ ಅಜ್ಜ ಹಾಗೆಂದು ಕೈಚೆಲ್ಲಲಿಲ್ಲ. ಐದನೇ ಇಯತ್ತೆಯ ಹುಡುಗಿ ಭಿನ್ನರಾಶಿಗೆ ಚೌಕ ಬರೆದು ಬಣ್ಣ ತುಂಬುತ್ತ ಕೂತಿದ್ದಳು. ಅಜ್ಜ ಪಾವಕಿ, ನಿಮಕಿ, ಪೌಣಕಿ, ಸವಾಯಕಿ, ದಿಡಕಿ ಎಂದು ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳನ್ನು ರಾಗವಾಗಿ ಶುರು ಮಾಡಿದ. ಹದಿನಾರರ ಮುಕ್ಕಾಲು ಹನ್ನೆರಡು, ಹದಿಮೂರರ ಒಂದೂವರೆ ಪಟ್ಟು ಹತ್ತೊಂಬತ್ತೂವರೆ. ಬೆರಳು ಸಹ ಮಡಿಸಲಿಲ್ಲ. 1957ರಲ್ಲಿ ನಯಾ ಪೈಸೆ ಬರುವ ಮುಂಚೆ ಹದಿನಾರು ಆಣೆಯ ರೂಪಾಯಿಯಲ್ಲಿ ಸಂತೆ ಮಾಡಿದವನಿಗೆ ಕಾಲು ಮುಕ್ಕಾಲು ಇಲ್ಲದೆ ಬದುಕೇ ನಡೆಯುತ್ತಿರಲಿಲ್ಲ. ಅವನು ಮರಾಠಿಯಲ್ಲಿ ಹೇಳಿದ, ಅವಳು ಕನ್ನಡದಲ್ಲಿ ಬರೆದಳು, ಇಬ್ಬರೂ ಕೂಡಿ ತಾಳೆ ನೋಡಿದರು. ಕನ್ನಡ-ಮರಾಠಿ ಗಡಿ ವಾದದ ಗದ್ದಲವನ್ನು ವರ್ಷಗಳಿಂದ ಕೇಳುತ್ತ ಬಂದ ನನಗೆ ಆ ಪಡಸಾಲೆಯ ಗದ್ದಲ ಬಹಳ ಹಿತವೆನಿಸಿತು.

ಇದನ್ನೆಲ್ಲ ಹೇಳಿ, ಶಾಲೆ ಇಲ್ಲದೆಯೂ ನಡೆಯಿತು ಎಂದರೆ ಅನ್ಯಾಯವಾದೀತು. 2020ರ ಜೂನ್‌ಗೆ ಒಂದನೇ ಇಯತ್ತೆ ಸೇರಿದ ಕೂಸು ಸರಿಯಾಗಿ ತರಗತಿಯಲ್ಲಿ ಕೂತದ್ದು 2021ರ ಅಕ್ಟೋಬರ್ 25ಕ್ಕೆ, ಅದೂ ಎರಡನೇ ಇಯತ್ತೆಯ ಬೆಂಚಿನ ಮೇಲೆ. ಅಕ್ಷರ ಮರೆತವರು ಅನೇಕರು. ದುಡಿಮೆಗೆ ಹೋದ ಹುಡುಗರನ್ನು ಮರಳಿ ಕರೆತರಲು ಶಿಕ್ಷಕರು ಮನೆ ಮನೆ ಅಲೆದರು. ಎರಡನೇ ಅಲೆಯಲ್ಲಿ ಅಜ್ಜನೋ ಅಜ್ಜಿಯೋ ಹೋಗಿಬಿಟ್ಟ ಮನೆಗಳಲ್ಲಿ ಸಂಜೆಯ ಆ ಓದೂ ನಿಂತುಹೋಯಿತು.

2022ರಲ್ಲಿ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮ ಬಂತು. ಮಕ್ಕಳು ಏನು ಮರೆತರೆಂದು ಅಳೆದು ತುಂಬಿಕೊಡುವ ಕೆಲಸ, ಬೇಕಾದದ್ದೇ. ಮನೆಯ ಹಿರಿಯರು ಏನು ಕೊಟ್ಟರೆಂದು ಕೇಳಿದವರನ್ನು ಮಾತ್ರ ನಾನು ಕಾಣಲಿಲ್ಲ. ಶಾಲೆಯ ಗೇಟು ತೆರೆದ ದಿನ ಅವರು ಮೊಮ್ಮಕ್ಕಳನ್ನು ಬಿಟ್ಟು ಹೊರಗಿನಿಂದಲೇ ಮರಳಿದರು. ಅವರನ್ನು ಒಳಗೆ ಕರೆಯಲು ದುಡ್ಡು ಬೇಕಿಲ್ಲ, ಆದೇಶವೂ ಬೇಕಿಲ್ಲ. ಶನಿವಾರ ಹೇಗೂ ಮುಂಜಾನೆ ಶಾಲೆ. ಕೊನೆಯ ಒಂದು ತಾಸು ನಾಲ್ಕೈದು ಅಜ್ಜ ಅಜ್ಜಿಯರು ಬಂದು ಕೂಡಲಿ, ಒಬ್ಬೊಬ್ಬರ ಮುಂದೆ ಎರಡೆರಡು ಮಕ್ಕಳು ದನಿಯೆತ್ತಿ ಓದಲಿ. ಈ ಮಾತನ್ನು ನಮ್ಮ ಓಣಿಯ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮುಂದೆ ಇಡುವವನಿದ್ದೇನೆ. ವಡಗಾವಿಯ ಆ ಅಜ್ಜಿ ಈಗಾಗಲೇ ಬರುತ್ತೇನೆಂದು ಒಪ್ಪಿದ್ದಾಳೆ.